ನೀರಿದೆ, ಕರೆಂಟಿದೆ, ಚಿಪ್ ಕಾರ್ಖಾನೆ ಯಾಕಿಲ್ಲ?

ಶರಾವತಿಯ ನೀರೂ ನಮ್ಮದೇ, ಕರೆಂಟೂ ನಮ್ಮದೇ. ಚಿಪ್ ಕಾರ್ಖಾನೆಗಳು ಮಾತ್ರ ಗುಜರಾತಿಗೇಕೆ ಹೋದವು? ಶಿವಮೊಗ್ಗದಲ್ಲಿ ಕೇಳಿಬರುವ ಈ ಪ್ರಶ್ನೆಗೆ ಮೊದಲ ಉತ್ತರ ದುಡ್ಡಿನ ಲೆಕ್ಕ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಉದ್ಯಮಕ್ಕೆ 76,000 ಕೋಟಿ ರೂಪಾಯಿ ತೆಗೆದಿಟ್ಟಿತು. ಮರುವರ್ಷ ನಿಯಮ ತಿದ್ದಿ, ಯೋಜನಾ ವೆಚ್ಚದ ಅರ್ಧ ತಾನೇ ಕೊಡುವುದಾಗಿ ಹೇಳಿತು. ಗುಜರಾತ್ ತನ್ನ 2022ರ ನೀತಿಯಲ್ಲಿ ಆ ನೆರವಿನ ಶೇ 40ರಷ್ಟನ್ನು, ಅಂದರೆ ವೆಚ್ಚದ ಶೇ 20ನ್ನು, ಮೇಲಿಂದ ಸೇರಿಸಿತು. ಅಲ್ಲಿಗೆ ನೂರರಲ್ಲಿ ಎಪ್ಪತ್ತು ರೂಪಾಯಿ ಸರ್ಕಾರದ್ದೇ ಆಯಿತು. ಮೈಸೂರಿನ ಕೇನ್ಸ್ ಕಂಪನಿಯ ಚಿಪ್ ಪ್ಯಾಕೇಜಿಂಗ್ (ಚಿಪ್ಪಿಗೆ ಕವಚ ಹಾಕುವ) ಘಟಕಕ್ಕೂ 2024ರಲ್ಲಿ ಮಂಜೂರಾತಿ ಸಿಕ್ಕಿದ್ದು ಗುಜರಾತಿನ ಸಾನಂದ್‌ನಲ್ಲಿ.

ಇನ್ನೊಂದು ಉತ್ತರ ಕರೆಂಟಿನದು. ಫ್ಯಾಬ್‌ಗೆ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಗೆ, ಯೂನಿಟ್ಟು ಸಾಕಷ್ಟು ಸಿಕ್ಕರೆ ಸಾಲದು, ವೋಲ್ಟೇಜ್ ಅಲುಗಾಡಬಾರದು. ಆಷಾಢದ ಗಾಳಿಗೆ ಅಕೇಶಿಯಾ ಕೊಂಬೆ ತಂತಿಗೆ ತಾಗಿ ಬಲ್ಬು ಒಮ್ಮೆ ಮಿಣುಕಿದರೆ ಮನೆಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಫ್ಯಾಬ್ ಯಂತ್ರಗಳಿಗೆ ಅನ್ವಯಿಸುವ ಸೆಮಿ ಎಫ್47 ಮಾನದಂಡ ನೋಡಿ: ವೋಲ್ಟೇಜ್ ಶೇ 50ಕ್ಕೆ ಇಳಿದರೆ ಯಂತ್ರ 0.2 ಸೆಕೆಂಡ್, ಶೇ 70ಕ್ಕೆ ಇಳಿದರೆ 0.5 ಸೆಕೆಂಡ್, ಶೇ 80ಕ್ಕೆ ಇಳಿದರೆ 1 ಸೆಕೆಂಡ್ ತಾಳಿಕೊಳ್ಳಬೇಕು. ಅದಕ್ಕಿಂತ ಹೆಚ್ಚಾದರೆ ಖಾತರಿಯಿಲ್ಲ. ಕರೆಂಟು ಹಾಯಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಡುತ್ತದೆ, ವ್ಯಾಕ್ಯೂಮ್ ಪಂಪ್ ನಿಲ್ಲುತ್ತದೆ, ಒಳಗಿದ್ದ ವೇಫರ್ (ಚಿಪ್ಪುಗಳು ಮೂಡುವ ಸಿಲಿಕಾನ್ ಬಿಲ್ಲೆ) ಗುಜರಿಗೆ. ಪ್ರತ್ಯೇಕ ಲೈನು ಎಳೆದರೂ ದೂರದಲ್ಲಾದ ಶಾರ್ಟಿನ ಕುಸಿತ ಗ್ರಿಡ್ ಹಿಡಿದು ಅಲ್ಲಿಗೂ ಬರುತ್ತದೆ.

ಹಾಗಾಗಿ ಮಲೆನಾಡಿಗೆ ಫ್ಯಾಬ್ ಬೇಡುವುದಕ್ಕಿಂತ ಚಿಪ್ ವಿನ್ಯಾಸ ಮತ್ತು ಬೋರ್ಡ್ ಜೋಡಣೆಯನ್ನು ಹಿಡಿಯುವುದು ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ 2021ರ ಯೋಜನೆಯಡಿ ವಿನ್ಯಾಸ ಕಂಪನಿಗೆ ಅರ್ಹ ಖರ್ಚಿನ ಅರ್ಧ, ಗರಿಷ್ಠ 15 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆದರೆ ಅದು ಮರುಪಾವತಿ. ಮೊದಲು ಕೈಯಿಂದ ಹಾಕಬೇಕು, ಬಿಲ್ಲು ಆಮೇಲೆ. ಸಣ್ಣವರು ಮುಗ್ಗರಿಸುವುದು ಇಲ್ಲೇ. ವಿನ್ಯಾಸದ ದುಬಾರಿ ಸಾಫ್ಟ್‌ವೇರನ್ನು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಬೆಂಗಳೂರಿನಲ್ಲಿ ನಡೆಸುವ ಚಿಪ್‌ಇನ್ ಕೇಂದ್ರ ಕಾಲೇಜುಗಳಿಗೂ ಸ್ಟಾರ್ಟಪ್‌ಗಳಿಗೂ ಒದಗಿಸುತ್ತದೆ.

ಬೋರ್ಡ್ ಜೋಡಣೆಗೆ ಇಳಿಯುವವರು ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಹಪ್ಪಳ ಮೆತ್ತಗಾಗುವ ಹಾಗೆ ಚಿಪ್ಪಿನ ಕಪ್ಪು ಪ್ಲಾಸ್ಟಿಕ್ಕೂ ತೇವ ಹೀರುತ್ತದೆ. ಚಿಪ್ಪನ್ನು ಬೋರ್ಡಿಗೆ ಬೆಸೆಯುವ ರಿಫ್ಲೋ ಒಲೆಯ ಸುಮಾರು 250 ಡಿಗ್ರಿ ಶಾಖಕ್ಕೆ ಆ ತೇವ ಆವಿಯಾಗಿ, ಪ್ಯಾಕೇಜು ಒಳಗೇ ಬಿರಿಯುತ್ತದೆ. ಯಾವ ಚಿಪ್ಪು ತೇವಕ್ಕೆ ಎಷ್ಟು ಸೂಕ್ಷ್ಮ ಎಂದು ಹೇಳುವ ತೇವಸಂವೇದನೆ ಮಟ್ಟಗಳಲ್ಲಿ 3ನೆಯದರ ಚಿಪ್ಪುಗಳನ್ನು, ತೇವ ತಡೆಯುವ ಚೀಲ ಒಡೆದ ಮೇಲೆ 168 ಗಂಟೆಯೊಳಗೆ ಬೆಸೆಯಬೇಕು. ಅದೂ ಕೋಣೆ 30 ಡಿಗ್ರಿ, ಶೇ 60 ತೇವಾಂಶ ಮೀರದಿದ್ದರೆ ಮಾತ್ರ. ಜಡಿಮಳೆಯಲ್ಲಿ ತೀರ್ಥಹಳ್ಳಿಯ ಗಾಳಿ ಶೇ 90 ದಾಟುತ್ತದೆ. ಡಿಹ್ಯುಮಿಡಿಫೈಯರ್ ಇಲ್ಲದ ಕೋಣೆಯಲ್ಲಿ ಆ 168ಕ್ಕೆ ಅರ್ಥವಿಲ್ಲ. ಚಿಪ್ಪುಗಳನ್ನು ಸುತ್ತಿಟ್ಟ ಉಳಿದ ರೀಲನ್ನು ಶೇ 5ಕ್ಕಿಂತ ಕಡಿಮೆ ತೇವದ ಡ್ರೈ ಕ್ಯಾಬಿನೆಟ್ಟಿಗೆ ಹಾಕಿ. ಗಡುವು ಮೀರಿತೆಂದು ರೀಲನ್ನೇ 125 ಡಿಗ್ರಿಗೆ ಇಟ್ಟರೆ ಅದರ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. 40 ಡಿಗ್ರಿಯಲ್ಲಿ ದಿನಗಟ್ಟಲೆ ಒಣಗಿಸಬೇಕು. ಚೀಲ ಒಡೆದ ದಿನ, ಗಂಟೆಯನ್ನು ಆ ಕ್ಷಣವೇ ರೀಲಿನ ಚೀಟಿಯ ಮೇಲೆ ಬರೆಯಿರಿ.