ಹಿಂದಿನಿಂದ ಹಾಡಿದರೂ ಅದೇ ಹಾಡು

‘ನನ್ನ ಕೊನೆಯೇ ನನ್ನ ಮೊದಲು, ನನ್ನ ಮೊದಲೇ ನನ್ನ ಕೊನೆ.’ 14ನೇ ಶತಮಾನದ ಒಂದು ಫ್ರೆಂಚ್ ಹಾಡು ಹೀಗೆ ಶುರುವಾಗುತ್ತದೆ. ವೇದಾಂತದ ಮಾತಿನಂತಿದೆ, ಅಲ್ವಾ? ವೇದಾಂತವೂ ಇದ್ದೀತು. ಆದರೆ ಮೊದಲಿಗೆ ಇದು ಹಾಡುವವರಿಗೆ ಕೊಟ್ಟ ಸೂಚನೆ.

ಬರೆದವನು ಗಿಯೋಮ್ ದ ಮಾಶೋ. ಬೊಹೀಮಿಯಾದ ದೊರೆ ಜಾನ್ ಬಳಿ ಕಾರ್ಯದರ್ಶಿಯಾಗಿದ್ದವನು. ಆಮೇಲೆ ರೀಮ್ಸ್ ನಗರದ ಕೆಥೆಡ್ರಲ್‌ನಲ್ಲಿ ನೆಲೆನಿಂತ, 1377ರಲ್ಲಿ ತೀರಿಕೊಂಡ. ಅನ್ನ ಚರ್ಚಿನದು, ಬರೆದದ್ದು ಮಾತ್ರ ಹೆಚ್ಚಾಗಿ ಪ್ರೇಮಗೀತೆ!

ಈ ಹಾಡಿನಲ್ಲಿ ಮೂರು ದನಿಗಳು ಒಟ್ಟಿಗೆ ಸಾಗುತ್ತವೆ. ಮೊದಲ ದನಿಯ ಸ್ವರಗಳನ್ನು ಕೊನೆಯಿಂದ ಹಿಂದಕ್ಕೆ ಓದಿದರೆ ಎರಡನೆಯ ದನಿ ಸಿಗುತ್ತದೆ. ಮೂರನೆಯದಕ್ಕೆ ಅರ್ಧ ಹಾಡನ್ನಷ್ಟೇ ಬರೆದಿದ್ದಾನೆ. ಅರ್ಧ ಮುಗಿದ ಮೇಲೆ ಆ ಹಾಡುಗಾರ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಹಾಗಾಗಿ ಹಾಡಿನ ಎರಡನೇ ಅರ್ಧ ಮೊದಲರ್ಧದ್ದೇ ಕನ್ನಡಿ. ಮೊದಲೆರಡು ದನಿಗಳು ಜಾಗ ಬದಲಿಸಿಕೊಂಡಿರುತ್ತವೆ, ಅಷ್ಟೇ.

ಇದರಲ್ಲಿ ಕಷ್ಟ ಏನು? ಆ ಕಾಲದವರಿಗೆ ಎರಡು ದನಿಗಳು ನೆಮ್ಮದಿಯಾಗಿ ನಿಲ್ಲುವ ಜಾಗಗಳು ಕೆಲವೇ. ಷಡ್ಜ ಮತ್ತು ಮೇಲಿನ ಷಡ್ಜ: ಕಂಪನಗಳ ಅನುಪಾತ 1:2. ಷಡ್ಜ, ಪಂಚಮ: 2:3. ಇಂದು ನಮಗೆ ಸಿಹಿ ಅನ್ನಿಸುವ ಷಡ್ಜ-ಗಾಂಧಾರದ ಜೋಡಿ ಅವರಿಗೆ ಅರೆಬರೆ ನಿಲುಗಡೆ. ಅಲ್ಲಿಂದ ಮುಂದೆ ಸರಿದು ಪಂಚಮಕ್ಕೆ ಸೇರಿದರೇನೇ ಸಮಾಧಾನ. ಅಂದರೆ ಈ ಸಂಗೀತಕ್ಕೆ ಒಂದು ದಿಕ್ಕಿದೆ: ಮೊದಲು ಎಳೆತ, ಆಮೇಲೆ ಬಿಡುಗಡೆ. ಹಾಡನ್ನು ತಿರುಗಿಸಿದರೆ ಬಿಡುಗಡೆಯೇ ಮೊದಲು ಬಂದುಬಿಡುತ್ತದೆ. ಆದ್ದರಿಂದ ಎರಡೂ ಕಡೆಯಿಂದ ಒಪ್ಪುವಂತೆ ಒಂದೊಂದು ಸ್ವರವನ್ನೂ ಕೂರಿಸಬೇಕು. ನನ್ನ ಮಟ್ಟಿಗೆ ಮಾಶೋನ ನಿಜವಾದ ಜಾಣತನ ಇಲ್ಲಿದೆ. ಒಗಟು ಹೆಣೆಯುವುದು ಸುಲಭ, ಅದು ಕಿವಿಗೂ ಹಿತವಾಗಿರಬೇಕಲ್ಲ!

ಅವನ ಕುಚೇಷ್ಟೆ ಇನ್ನೊಂದಿದೆ. ಇದು ರೊಂದೋ ಎಂಬ ಜಾತಿಯ ಹಾಡು. ರೊಂದೋಗೆ ಎರಡು ಭಾಗ. ಅವನ್ನು ‘ಅ’, ‘ಬ’ ಎಂದುಕೊಂಡರೆ ಹಾಡುವ ಕ್ರಮ ಹೀಗೆ: ಅ ಬ ಅ ಅ ಅ ಬ ಅ ಬ. ಸಾಹಿತ್ಯದ ನಡುವೆ ಒಂದು ಮಾತು ಬರುತ್ತದೆ: ಮೂರನೇ ದನಿ ಮೂರೇ ಸಲ ಹಿಮ್ಮುಖವಾಗುತ್ತದೆ, ಅಂತ. ಎಣಿಸಿ ನೋಡಿ. ಹಿಮ್ಮುಖದ ಭಾಗ ‘ಬ’. ಅದು ಬರುವುದು ಸರಿಯಾಗಿ ಮೂರು ಸಲ.

ಹಾಗಂತ ಈ ಹಾಡಿನ ರೆಕಾರ್ಡಿಂಗನ್ನು ಹಿಂದಿನಿಂದ ಓಡಿಸಿದರೆ ಅದೇ ಹಾಡು ಕೇಳಿಸುವುದಿಲ್ಲ. ‘ವಿಕಟಕವಿ’ಯನ್ನು ಅಕ್ಷರ ಅಕ್ಷರವಾಗಿ ತಿರುಗಿಸಿದರೆ ವಿಕಟಕವಿಯೇ. ಅದೇ ಮಾತನ್ನು ರೆಕಾರ್ಡ್ ಮಾಡಿ ತಿರುಗಿಸಿದರೆ ‘ಇವಕಟಕಿವ್’ ಥರ ಏನೋ ಕೇಳಿಸುತ್ತದೆ. ದನಿಯ ಮಟ್ಟಕ್ಕೆ ಇಳಿದರೆ ವ್ಯಂಜನ ಮೊದಲು, ಸ್ವರ ಆಮೇಲೆ ಅನ್ನುವ ಕ್ರಮವೂ ತಲೆಕೆಳಗಾಗುತ್ತದೆ. ಮಾಶೋನ ಕನ್ನಡಿ ಇರುವುದು ಬರಹದಲ್ಲಿ.

ಕಿವಿಗೆ ಈ ಕನ್ನಡಿ ಸಿಗುವುದೂ ಕಷ್ಟವೇ. ಒಂದು ರಾಗದ ತುಣುಕನ್ನು ಹಿಮ್ಮುಖವಾಗಿ ನುಡಿಸಿದಾಗ ಗುರುತು ಹಿಡಿಯಲು ನಾವು ಒದ್ದಾಡುತ್ತೇವೆ. ನೆನಪಿನಲ್ಲಿ ರಾಗ ಒಂದೇ ದಿಕ್ಕಿಗೆ ಓಡುತ್ತದೆ. ಹಾಡು ಕೇಳುವಾಗ ಬೇಕಿದ್ದರೆ ಮೂರನೇ ದನಿಯೊಂದನ್ನೇ ಹಿಡಿದುಕೊಳ್ಳಿ. ಅದು ತಿರುಗುವ ಜಾಗ ಕೆಲವೊಮ್ಮೆ ಸಿಕ್ಕಿಬಿಡುತ್ತದೆ.