ಕತ್ತಲೆಕಾನೆನ್ಸಿಸ್: ಹೆಸರಲ್ಲೇ ಊರಿರುವ ಮರ

ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನಾಲಿಗೆ ತೊಡರುವ ಹೆಸರು, ಅಲ್ವಾ? ಎರಡನೇ ಪದವನ್ನು ಇನ್ನೊಮ್ಮೆ ನಿಧಾನಕ್ಕೆ ಓದಿ. ಒಳಗೆ ಅಚ್ಚ ಕನ್ನಡ ಕೂತಿದೆ: ಕತ್ತಲೆಕಾನು.

ಕಾನು ಅಂದರೆ ಮಲೆನಾಡಿನವರ ಮಾತಿನಲ್ಲಿ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ನಡುಹಗಲಲ್ಲೂ ಬಿಸಿಲು ನೆಲ ಮುಟ್ಟದಿದ್ದರೆ ಅದು ಕತ್ತಲೆಕಾನು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಇದೇ ಹೆಸರಿನ ಜಾಗವಿದೆ. ಅಲ್ಲಿ ಸಿಕ್ಕ ಈ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಅವರು 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ‘ಎನ್ಸಿಸ್’ ಲ್ಯಾಟಿನ್ ಬಾಲ. ಆ ಊರಿನದು ಎಂದರ್ಥ.

ಇನ್ನು ಸೆಮೆಕಾರ್ಪಸ್. ಇದು ಗ್ರೀಕ್ ಮೂಲದ್ದು, ಗುರುತಿನ ಕಾಯಿ ಎಂಬ ಅರ್ಥ. ನಮಗೆ ಗೊತ್ತಿರುವ ಕರಿಗೇರು ಇದೇ ಕುಲದ್ದು. ಅದರ ಕಾಯಿಯ ರಸ ಬಟ್ಟೆಗೆ ತಾಗಿದರೆ ಕಪ್ಪು ಕಲೆ ಕೂರುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಯಾರ ಮನೆಯ ಬಟ್ಟೆ ಯಾವುದು ಎಂದು ತಿಳಿಯಲು ಅಗಸರು ಅದರಿಂದಲೇ ಗುರುತು ಹಾಕುತ್ತಿದ್ದರು. ಸೊನೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಸುಮ್ನೆ ಮುಟ್ಟುವ ಮರವಲ್ಲ.

ಕತ್ತಲೆಕಾನಿನಲ್ಲೂ ಕತ್ತಲೆಕಾನೆನ್ಸಿಸ್ ಮರ ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಜಡ್ಡಿಯೇ ಬೇಕು. ಬೆಟ್ಟದ ಬುಡದಲ್ಲಿ ನೀರು ಸದಾ ಜಿನುಗುವ ಕೆಸರು ನೆಲ ಅದು. ರಾಮಪತ್ರೆ ಜಾತಿಯ ಮರಗಳು ಜಾಸ್ತಿ ಇರುವುದರಿಂದ ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಆ ಮರಗಳ ಬೇರುಗಳು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಉಸಿರಾಡಿ ಮತ್ತೆ ಒಳಗಿಳಿಯುತ್ತವೆ. ಕೆಲವು ಮರಗಳಿಗೆ ಕಾಂಡದಿಂದಲೇ ಊರುಗೋಲಿನಂಥ ಬೇರುಗಳು ಇಳಿದಿರುತ್ತವೆ.

ವರ್ಷವಿಡೀ ನೀರಿರುವ ನೆಲ ಯಾರಿಗೆ ಬೇಡ? ಎಷ್ಟೋ ಜಡ್ಡಿಗಳು ಗದ್ದೆಯಾದವು, ಅಡಿಕೆ ತೋಟವಾದವು. ಹೊಟ್ಟೆಪಾಡಿಗೆ ಹಾಗೆ ಮಾಡಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಈ ಮರಕ್ಕೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಈಗ ಅದು ಬೆರಳೆಣಿಕೆಯ ಜಡ್ಡಿಗಳಲ್ಲಷ್ಟೇ ಉಳಿದಿದೆ. ಸಂಶೋಧಕರು ಇದನ್ನು ಅಳಿವಿನ ಅಂಚಿಗೆ ಬಂದ ಮರಗಳ ಸಾಲಿಗೆ ಸೇರಿಸುತ್ತಾರೆ.

ಇಂಥ ಮರವನ್ನು ‘ಸೀಮಿತ ನೆಲೆಯ ಸ್ಥಳೀಯ ಪ್ರಭೇದ’ ಎನ್ನುತ್ತಾರೆ. ಹತ್ತಾರು ಜಿಲ್ಲೆಗಳಲ್ಲಿ ಹಬ್ಬಿದ ಮರ ಒಂದು ಕಡೆ ಹೋದರೆ ಇನ್ನೊಂದು ಕಡೆ ಉಳಿದೀತು. ಇದಕ್ಕೆ ಆ ಇನ್ನೊಂದು ಕಡೆಯೇ ಇಲ್ಲ. ಶಿರಸಿಯ ಅರಣ್ಯ ಕಾಲೇಜಿನ ಸಂಶೋಧಕರು ಇದರ ಸಸಿಗಳನ್ನು ಬೆಳೆಸಿ ನೆಟ್ಟಿದ್ದಾರೆ. ನೆಟ್ಟಿದ್ದೂ ಜಡ್ಡಿಯಲ್ಲೇ.