ಫೋನಿನಲ್ಲಿ ನನ್ನ ಮಾತು ತಿಳಿಯಲ್ಲ ಅಂತಾರೆ, ಊರ ಕನ್ನಡ ಬಿಡಬೇಕಾ?

ಪ್ರಶ್ನೆ: "ಅಕ್ಕಾರ, ನಾನು ಜಮಖಂಡಿಯಾಕಿ. ಸಾಲ ಕೊಡೂ ಕಂಪನಿಯೊಳಗ ದಿನಾ ಫೋನ್ ಮಾಡೂ ಕೆಲಸ. ಬೆಂಗಳೂರು, ಮೈಸೂರು ಕಡೆಯವರು 'ಏನಂದ್ರಿ? ಇನ್ನೊಂದ್ಸಲ ಹೇಳಿ' ಅಂತ ಮತ್ತ ಮತ್ತ ಕೇಳ್ತಾರ. ಸಂಜಿ ಆಗೂದ್ರಾಗ ಗಂಟಲು ಕಟ್ಟಿರ್ತದ. ನಮ್ಮ ಕಡೆ ಕನ್ನಡ ಬಿಟ್ಟು ಬೆಂಗಳೂರು ಕನ್ನಡ ಕಲೀಬೇಕೇನು?"

ಬ್ಯಾಡ ತಂಗಿ.

ಇದೇ ಪ್ರಶ್ನೆ ಬೆಳಗಾವಿಯಿಂದ, ವಿಜಯಪುರದಿಂದ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇರುತ್ತದೆ, ಮತ್ತು ಪ್ರತಿ ಸಲವೂ ತಪ್ಪನ್ನೆಲ್ಲ ಪಾಪದ 'ರೀ' ಮೇಲೆ ಹೊರಿಸಿರುತ್ತಾರೆ. "ನಾಳಿ ಬರ್ತೇನ್ರಿ" ಅಂದರೆ ಮೈಸೂರಿನವರಿಗೆ ಚೆನ್ನಾಗಿ ತಿಳಿಯುತ್ತದೆ. ನಾವು "ನಾಳ್ಬರ್ತೆ..." ಅಂತ ಒಂದೇ ಉಸಿರಿಗೆ ಓಡಿಸಿ ಉಳಿದದ್ದನ್ನು ನುಂಗಿದಾಗ ತಿಳಿಯುವುದಿಲ್ಲ. ಅದು ಭಾಷೆಯ ದೋಷ ಅಲ್ಲ, ಅವಸರದ ದೋಷ.

ನಿನ್ನ ಕೆಲಸದಲ್ಲಿ ಅಂಕಿಯೇ ಮುಖ್ಯ, ಅದನ್ನೇ ನೋಡು. ಹದಿನೈದು, ಹದಿನೆಂಟು. ಶುರು ಎರಡಕ್ಕೂ ಒಂದೇ, ಬೇರೆಯಾಗೋದು ಬಾಲದಲ್ಲಿ. ನಾವು 'ಹದ್ನೈದ', 'ಹದ್ನೆಂಟ' ಅನ್ನುತ್ತೇವೆ. ಮೊದಲೇ ಚಿಕ್ಕ ಬಾಲ, ಅದನ್ನೂ ಉಸಿರು ಮುಗಿದ ಮೇಲೆ ಹೇಳಿದರೆ ಆ ಕಡೆಯವರು ಊಹೆ ಮಾಡಬೇಕು. ಇನ್ನೂರು, ಮುನ್ನೂರಿನ ಗೋಳು ಉಲ್ಟಾ: ಬಾಲ ಒಂದೇ, ತಲೆ ಬೇರೆ. ಫೋನಿನಲ್ಲಿ 'ಎರಡು ನೂರು', 'ಮೂರು ನೂರು' ಅಂದುಬಿಡು. ಕನ್ನಡ ಮಾಸ್ತರು ಬೈದರೆ ಬೈಯಲಿ.

ಹಾಗಂತ ಎಲ್ಲಾ ತಪ್ಪೂ ನಿನ್ನದಲ್ಲ. ಸಾಮಾನ್ಯ ಫೋನ್ ಕರೆ ಮೊದಲಿನಿಂದಲೂ ಸುಮಾರು 300ರಿಂದ 3400 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ) ನಡುವಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು, ಆದರೆ 'ಸ' ಅನ್ನುವಾಗ ಬರುವ ಸೀಟಿಯಂಥ ಸದ್ದು ಬಹುಪಾಲು ಅದಕ್ಕಿಂತ ಮೇಲೆ ಇರುತ್ತದೆ. ಈಗಿನ ಕೆಲವು ಕರೆಗಳಲ್ಲಿ ಪರವಾಗಿಲ್ಲ, ಸಿಗ್ನಲ್ ಬಿದ್ದರೆ ಮತ್ತೆ ಅದೇ ಕತೆ. ಎದುರಿಗೆ ಕೂತವರಾದರೆ ನಿನ್ನ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ಫೋನಿನಲ್ಲಿ ತುಟಿ ಎಲ್ಲಿ ಕಾಣಬೇಕು? ಅದಕ್ಕೇ ಹೆಸರು ಹೇಳುವಾಗ 'ಸಂಗೀತಾದ ಸ', 'ಶರಣಪ್ಪನ ಶ' ಅಂತ ಬಿಡಿಸಿ ಹೇಳು, ನಾಚಿಕೆ ಬೇಡ.

ಉಚ್ಚಾರ ತಿದ್ದಿಕೊಳ್ಳೋಕೆ ದುಬಾರಿ ಕೋರ್ಸ್ ಬೇಡ, ಚಿಕ್ಕವಳಿದ್ದಾಗಿನ ಅಂಕಲಿಪಿ ಸಾಕು. ಕ, ಚ, ಟ, ತ, ಪ ಅಂತ ನಿಧಾನ ಹೇಳಿ ನೋಡು. ಕ ಗಂಟಲ ಹತ್ತಿರ, ಚ ಅಂಗುಳಕ್ಕೆ ತಾಗಿ, ಟ ನಾಲಿಗೆ ಮೇಲಕ್ಕೆ ಮಡಚಿ, ತ ಹಲ್ಲಿನ ಹಿಂದೆ, ಪ ತುಟಿಯಲ್ಲಿ. ಒಳಗಿಂದ ಹೊರಗೆ ಸಾಲಾಗಿ ಜೋಡಿಸಿಟ್ಟಿದ್ದಾರೆ! ಮನೆಯಲ್ಲಿ 'ಶಾಲೆಗೆ' ಬದಲು 'ಸಾಲಿಗೆ ಹೋದ್ಳು' ಅನ್ನು, ಯಾರೂ ಕೇಳುವುದಿಲ್ಲ. ಕಾಗದಪತ್ರ ಓದಿ ಹೇಳುವಾಗ ಮಾತ್ರ 'ಶ'ಗೆ ನಾಲಿಗೆಯನ್ನು ಸ್ವಲ್ಪ ಹಿಂದೆ ಸರಿಸು. ಬಾಯಿ ಮುಂದೆ ಅಂಗೈ ಹಿಡಿದು ದನ, ಧನ ಅನ್ನು. ಎರಡನೆಯದಕ್ಕೆ ಅಂಗೈಗೆ ಗಾಳಿ ಜಾಸ್ತಿ ಬಡಿಯಬೇಕು, ಇಲ್ಲಾಂದ್ರೆ ನಿಮ್ಮ ಕಂಪನಿಯ ಸಹಾಯಧನ ನೇರವಾಗಿ ಕೊಟ್ಟಿಗೆಗೆ ಹೋಗುತ್ತದೆ. ಮಹಾಪ್ರಾಣದ ಹುಮ್ಮಸ್ಸಿನಲ್ಲಿ 'ಭೆಳಗಾವಿ' ಅನ್ನೋರನ್ನೂ ಕೇಳಿದ್ದೇನೆ, ಅಷ್ಟು ದೂರ ಹೋಗಬೇಡ.

ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿ ಓದೋ ಅಭ್ಯಾಸ ನನಗೆ ಹಿಡಿಸಲಿಲ್ಲ, ದವಡೆ ಬಿಗಿಯಾಯಿತು ಅಷ್ಟೇ. ತರೀಕೆರೆ ಏರಿ ಮೇಲಿನ ಮೂರು ಕರಿ ಕುರಿಮರಿ ಗೊತ್ತಲ್ವಾ? ಅದನ್ನೇ ಮೊದಲು ಆಮೆಯ ಹಾಗೆ ಹೇಳು, ಆಮೇಲೆ ವೇಗ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳು. 'ಅಯ್ಯ, ಇದು ನನ್ನ ಧ್ವನಿಯಾ' ಅನ್ನಿಸುತ್ತದೆ. ನಾವು ಮಾತಾಡುವಾಗ ನಮ್ಮ ಧ್ವನಿ ತಲೆಯ ಎಲುಬಿನ ಮೂಲಕವೂ ಕಿವಿಗೆ ಬರುತ್ತದೆ, ಅದಕ್ಕೇ ನಮಗೆ ತುಂಬಿದ ಹಾಗೆ ಕೇಳುತ್ತದೆ. ಬೇರೆಯವರಿಗೆ ಕೇಳೋದು ರೆಕಾರ್ಡಿನಲ್ಲಿರೋ ಧ್ವನಿಯೇ.

ಗಂಟಲು ಕಟ್ಟೋದು ನಾನು ಸ್ವತಃ ಅನುಭವಿಸಿದ್ದು. ನಾನು ಬನಹಟ್ಟಿಯವಳು, ಮನೆಯಲ್ಲೇ ಎರಡು ಪಾವರ್‌ಲೂಮ್. ಆ ಖಟಾಖಟ್ ನಡುವೆ ಅವ್ವ "ಚಾ ಕುಡೀತಿಯೇನ?" ಅಂದರೂ ಓಣಿಯವರಿಗೆ ಜಗಳದ ಹಾಗೆ ಕೇಳುತ್ತಿತ್ತು. ಸುತ್ತ ಸದ್ದು ಹೆಚ್ಚಾದರೆ ನಮಗೆ ಗೊತ್ತಿಲ್ಲದೆಯೇ ಧ್ವನಿ ಏರುತ್ತದೆ. ಲೊಂಬಾರ್ಡ್ ಅನ್ನೋ ಫ್ರೆಂಚ್ ವೈದ್ಯರು 1911ರಲ್ಲೇ ಇದನ್ನು ಬರೆದಿಟ್ಟರು, ಇದಕ್ಕೆ ಅವರ ಹೆಸರೇ ಉಳಿದಿದೆ. ನಿಮ್ಮ ಆಫೀಸಿನಲ್ಲೂ ಹತ್ತು ಜನ ಒಟ್ಟಿಗೆ ಮಾತಾಡುತ್ತಾರೆ, ಅಲ್ವಾ? ಅಲ್ಲೂ ಇದೇ ಆಗೋದು. ನಾನು ಅದೇ ಮಗ್ಗದ ಮನೆಯ ಗಂಟಲಲ್ಲಿ ಒಂದು ಶಾಲೆಯಲ್ಲಿ 60 ಮಕ್ಕಳಿಗೆ ಪಾಠ ಮಾಡಿದೆ, ಫ್ಯಾನಿನ ಗಡಗಡದ ಮೇಲೆ ಕೂಗಿ ಕೂಗಿ ಮೂರನೇ ವರ್ಷಕ್ಕೆ ಧ್ವನಿ ಬಿರಿದ ಬಿದಿರಿನ ಹಾಗಾಯಿತು. ಧ್ವನಿತಂತುಗಳ ಮೇಲೆ ಸಣ್ಣ ಗಂಟು. ಹೆಂಗಸರು 'ಆ' ಅಂದಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ, ಕೂಗಿದರೆ ಹೊಡೆತ ಇನ್ನೂ ಜೋರು. ದಿನವಿಡೀ ಚಪ್ಪಾಳೆ ತಟ್ಟಿದರೆ ಅಂಗೈಗೆ ಏನಾಗುತ್ತದೋ ಅಲ್ಲೂ ಅದೇ.

ಹೆಡ್‌ಫೋನ್‌ನ ಒಂದು ಕಿವಿ ತೆಗೆದಿಡು, ನಿನ್ನ ಧ್ವನಿ ನಿನಗೇ ಕೇಳಿದರೆ ಕೂಗೋದು ಕಡಿಮೆಯಾಗುತ್ತದೆ. ಉಸಿರು ತಗೊಂಡಾಗ ಹೊಟ್ಟೆ ಮುಂದೆ ಬರಬೇಕು, ಭುಜ ಏಳಬಾರದು. ನಮ್ಮ ಕಡೆ ಮೈಕ್ ಇಲ್ಲದ ಕಾಲದಲ್ಲೂ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತದ ಬಯಲಾಟ ಆಡುತ್ತಿದ್ದರಲ್ಲ, ಅವರಿಗೆ ಅಷ್ಟು ಬಲ ಬರುತ್ತಿದ್ದದ್ದು ಹೊಟ್ಟೆಯಿಂದ. ಬೆಳಿಗ್ಗೆ ಒಂದೆರಡು ನಿಮಿಷ ತುಟಿ ಮುಚ್ಚಿ 'ಮ್‌ಮ್' ಅಂತ ಗುನುಗು, ತುಟಿ ಜುಮ್ಮೆನ್ನಬೇಕು. ಮತ್ತೆ ಮತ್ತೆ ಕ್ಯಾಕರಿಸಬೇಡ, ಅದೂ ಹೊಡೆತವೇ, ಬದಲಿಗೆ ಒಂದು ಗುಟುಕು ನೀರು ಕುಡಿ. ಪಿಸುಮಾತಿನಿಂದಲೂ ಗಂಟಲಿಗೆ ವಿಶ್ರಾಂತಿ ಸಿಗುವುದಿಲ್ಲ. ಸುಮ್ನೆ ಇರೋದೇ ವಿಶ್ರಾಂತಿ.

ಕಷಾಯ, ಜೇನುತುಪ್ಪ ಗಂಟಲಿಗೆ ಹಿತ, ಕುಡಿ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತು ಇರೋದು ಶ್ವಾಸನಾಳದ ಬಾಯಲ್ಲಿ, ಹಾಗಾಗಿ ಅಲ್ಲಿಗೆ ಅದು ತಾಗುವುದೇ ಇಲ್ಲ. ಧ್ವನಿ ಒಡೆದು ಮೂರು ವಾರವಾದರೂ ಸರಿಹೋಗಲಿಲ್ಲ ಅಂದರೆ ಕಿವಿ-ಮೂಗು-ಗಂಟಲಿನ ಡಾಕ್ಟರ್ ಹತ್ತಿರ ಹೋಗು. ನನಗೆ ಆಪರೇಷನ್ ಏನೂ ಆಗಲಿಲ್ಲ, ಮಾತಾಡೋ ರೀತಿಯನ್ನೇ ತಿದ್ದಿದರು, ಗಂಟು ಇಳಿಯಿತು. ಅಷ್ಟಕ್ಕೆ ನಾನು ಎಂಟು ತಿಂಗಳು ಜೇನುತುಪ್ಪ ನೆಕ್ಕುತ್ತಾ ಕೂತಿದ್ದೆ.